ಮೆಟ್ಟಿಲಕ್ಕನಿಗೆ ಬಗೆಹರಿಯದ ಮೀಟರು

ಬೆಳಗಿನ ಆರು ಗಂಟೆ. ಐದು ಮಹಡಿಯ ಸರಕಾರಿ ವಸತಿ ಕಟ್ಟಡದಲ್ಲಿ ಒದ್ದೆ ಬಟ್ಟೆ ಮೆಟ್ಟಿಲಿನ ಮೇಲೆ ಎಳೆಯುವ ಸದ್ದು ಬಿಟ್ಟರೆ ಬೇರೇನೂ ಇಲ್ಲ. ಬಾಯಿ ತೆರೆದರೆ ಹಬೆ ಬರುವಷ್ಟು ಚಳಿ. ಮೆಟ್ಟಿಲು ಒರೆಸುತ್ತಿದ್ದಾಕೆ ಮೂರನೇ ಮಹಡಿಯ ಕಿಟಕಿಯ ಬಳಿ ನಿಂತು, ಜೇಬಿನಿಂದ ಒಂದೆಳೆ ನೂಲು ತೆಗೆದು ಚೌಕಟ್ಟಿನ ಸಂದಿಗೆ ಹಿಡಿಯುತ್ತಾರೆ. ನೂಲು ಅಲುಗಾಡುತ್ತದೆ.

"ನೋಡಿ, ಇಲ್ಲೂ ಗಾಳಿ ನುಗ್ತಿದೆ. ಬರ್ಕೊಳ್ಳಿ," ಎಂದು ಮಾತಾಡಿಸಲು ಬಂದ ನನಗೇ ಕೆಲಸ ಹಚ್ಚುತ್ತಾರೆ.

ಎಲ್ಲರೂ ಅವರನ್ನು ಕರೆಯುವುದು ಮೆಟ್ಟಿಲಕ್ಕ ಎಂದೇ. ದಿನಕ್ಕೆ ಎರಡು ಕಟ್ಟಡ, ಇನ್ನೂರ ಹನ್ನೆರಡು ಮೆಟ್ಟಿಲು. ಹದಿನೆಂಟು ವರ್ಷದಿಂದ ಇದೇ ಕೆಲಸ. ಮೊಣಕಾಲುಗಳೆರಡೂ ಮುಷ್ಕರ ಹೂಡಿವೆ. ಬಸ್ ಓಡಿಸುತ್ತಿದ್ದ ಗಂಡ ಬೆನ್ನುನೋವಿನಿಂದ ಕೆಲಸ ಬಿಟ್ಟಿದ್ದಾರೆ, ಅಡುಗೆ ಈಗ ಅವರದೇ. "ಒಂದಿನ ಉಪ್ಪು ಎರಡು ಸಲ, ಇನ್ನೊಂದಿನ ಇಲ್ವೇ ಇಲ್ಲ. ಸರಾಸರಿ ಸರಿಯಾಗಿದೆ," ಎಂದು ನಗುತ್ತಾರೆ.

ಹೋದ ವರ್ಷ ವಸತಿ ಕಚೇರಿಯವರು ಹೀಟರಿಗೆ ಸುರಿಯುವ ವಿದ್ಯುತ್ ಉಳಿಸಲು ಕಿಟಕಿ ಸಂದು ಮುಚ್ಚಿ, ಗೋಡೆಗೆ ಬೆಚ್ಚನೆಯ ಹೊದಿಕೆ ಹಾಕುವ ಯೋಜನೆ ತಂದರು. ಎಂಜಿನಿಯರ್ ಬಾಗಿಲು ತಟ್ಟಿದರೆ ಯಾರೂ ತೆರೆಯಲಿಲ್ಲ; ಮನೆ ಖಾಲಿ ಮಾಡಿಸುತ್ತಾರೆಂಬ ಭಯ. ಕೊನೆಗೆ ಪ್ರತಿ ಬಾಗಿಲೂ ಗೊತ್ತಿದ್ದ ಮೆಟ್ಟಿಲಕ್ಕನನ್ನೇ ಮುಂದೆ ಬಿಟ್ಟರು.

"ನನಗೇ ತಲೆಬುಡ ತಿಳೀತಿರ್ಲಿಲ್ಲ. ಗೋಡೆಗೆ ಸ್ವೆಟರ್ ಹಾಕ್ತಾರಂತೆ ಅಂದೆ. ಅಳತೆ ತಗೊಂಡಿದ್ದಾರಾ ಅಂತ ಕೇಳಿದ್ರು!"

ಮೊದಲ ಕಟ್ಟಡದ ನಲವತ್ತು ಮನೆಗಳಲ್ಲಿ ಮೂವತ್ತೆಂಟು ಒಪ್ಪಿದವು. ನೂಲು ಹಿಡಿದು ಸಂದು ಹುಡುಕುವುದನ್ನು ಅವರು ಎಲ್ಲರಿಗೂ ಕಲಿಸಿದರು.

ಚಳಿಗಾಲ ಮುಗಿದಾಗ ಒಪ್ಪಿದವರೆಲ್ಲರ ಮೀಟರ್ ಲೆಕ್ಕ ಇಳಿದಿತ್ತು. ಐದನೇ ಮಹಡಿಯಲ್ಲಿ ಬಟ್ಟೆ ಹೊಲಿಯುವ ಅಕ್ಕತಂಗಿಯರ ಮನೆಯಲ್ಲಿ ಮಾತ್ರ ದುಪ್ಪಟ್ಟಾಗಿತ್ತು. ಮೇಲಿನ ಮಹಡಿಯಲ್ಲಿ ಕೆಲಸ ವ್ಯರ್ಥ, ಎರಡನೇ ಕಟ್ಟಡದಲ್ಲಿ ಆ ಮಹಡಿ ಬೇಡ ಎಂದಿತು ಕಚೇರಿ. ತಾನೇನಾದರೂ ತಪ್ಪು ಹೇಳಿಕೊಟ್ಟೆನೇ ಎಂದು ಮೆಟ್ಟಿಲಕ್ಕನಿಗೆ ಗಾಬರಿ. ಮೇಲೆ ಹತ್ತಿದರು.

"ಏನಕ್ಕ, ಹೀಟರ್ ಆಫ್ ಮಾಡೋದು ಮರೀತೀರಾ?"

ಅಕ್ಕ ಮುಖ ತಿರುಗಿಸಿದರು. ತಂಗಿಯೇ ಬಾಯಿಬಿಟ್ಟರು: "ಮುಂಚೆ ಹಾಕ್ತಾನೇ ಇರ್ಲಿಲ್ಲ ಕಣಮ್ಮ. ಹಾಕಿದ್ರೂ ಬಿಸಿಯೆಲ್ಲ ಕಿಟಕಿ ಪಾಲು. ಹನ್ನೊಂದು ಚಳಿಗಾಲ ಇಬ್ರೂ ಅಡುಗೆಮನೇಲಿ ಒಲೆ ಪಕ್ಕ ಕೋಟು ಹಾಕ್ಕೊಂಡು ಮಲಗ್ತಿದ್ವಿ. ಈಗ ಬಿಸಿ ನಿಲ್ಲತ್ತೆ, ಅದಕ್ಕೇ ಮುಚ್ಚಿಟ್ಟಿದ್ದ ಕೋಣೆ ಬಾಗಿಲು ತೆಗೆದು ಹೀಟರ್ ಹಾಕಿದ್ವಿ. ತಪ್ಪಾಯ್ತಾ?"

ಮೆಟ್ಟಿಲಕ್ಕ ಮೀಟರ್ ಲೆಕ್ಕಕ್ಕೆಂದು ಕಚೇರಿ ಕೊಟ್ಟಿದ್ದ ಫಾರಂ ಬಿಡಿಸಿದರು. ಅದರಲ್ಲಿ ಇದ್ದದ್ದು ಎರಡೇ ಚೌಕ: ಇಳಿಕೆ, ಏರಿಕೆ. ಎರಡನ್ನೂ ಬಿಟ್ಟು ಅಂಚಿನಲ್ಲಿ ಬರೆದರು: 'ಮುಂಚೆ ಇವರಿಗೆ ಇದ್ದದ್ದು ಬರೀ ಅಡುಗೆಮನೆ. ಈಗ ಕೋಣೆಯೂ ಇದೆ.'

ಎಂಜಿನಿಯರ್ ಓದಿ ತಲೆ ಕೆರೆದುಕೊಂಡರು. "ಇದನ್ನ ಯಾವ ಲೆಕ್ಕಕ್ಕೆ ಸೇರಿಸ್ಲಿ?"

"ನನಗೇನು ಗೊತ್ತು ಸರ್? ಹತ್ತಿ ನೋಡಿ ಬನ್ನಿ ಅಂದೆ," ಎನ್ನುತ್ತಾರೆ ಮೆಟ್ಟಿಲಕ್ಕ.

ಎಂಜಿನಿಯರ್ ಹತ್ತಿದರು, ಆ ಕೋಣೆಯಲ್ಲಿ ಅರ್ಧ ಗಂಟೆ ಕೂತರು. ಎರಡನೇ ಕಟ್ಟಡದ ಕೆಲಸ ಈ ತಿಂಗಳು ಐದನೇ ಮಹಡಿಯಿಂದಲೇ ಶುರುವಾಗಿದೆ.

ಮೆಟ್ಟಿಲಕ್ಕ ಬಕೆಟ್ ನೀರು ಚೆಲ್ಲಿ ಸೊಂಟ ನೆಟ್ಟಗೆ ಮಾಡಿಕೊಳ್ಳುತ್ತಾರೆ. "ಮೀಟರ್ ಏರಿದ್ದಕ್ಕೆ ಖುಷಿ ಪಡ್ಬೇಕೋ ಬೇಜಾರಾಗ್ಬೇಕೋ, ನನಗಿನ್ನೂ ಬಗೆಹರಿದಿಲ್ಲ. ಅವರಿಬ್ರೂ ಈಗ ಮಂಚದ ಮೇಲೆ ಮಲಗ್ತಾರೆ. ಅದನ್ನ ಎಲ್ಲಿ ಬರೀಬೇಕು ಅಂತ ಯಾರಾದ್ರೂ ಹೇಳಿಕೊಟ್ರೆ ಸಾಕು."