ಸಿಕ್ಕೊಂಡವರ ಸ್ಟೂಲು

ಇವತ್ತ ಮುಂಜಾನೆ ಬೆಟಗೇರಿಯ ಹಳೇ ಪ್ರಿಂಟಿಂಗ್ ಪ್ರೆಸ್ಸಿನ ಮ್ಯಾಲಿನ ಖೋಲಿ ಬಾಗಲಾ ತಗದೆ. ಮುಚ್ಚಿ ವರ್ಷದ ಮ್ಯಾಲಾಗಿತ್ತು. ಕೆಳಗಿನ ಮಷೀನು ಗುಜರಿಗೆ ಹೋಗಿ ಎಷ್ಟೋ ಕಾಲ ಆತು, ಶಾಯಿ ವಾಸನಿ ಮಾತ್ರ ಇನ್ನೂ ಹಂಗ ಐತಿ. ಕಸಾ ಹೊಡಕೋತ ಮೂಲಿಗೆ ಬಂದ್ರ ಅಲ್ಲಿ ಕಬ್ಬಿಣದ ಸ್ಟೂಲು. ಅದರ ಮ್ಯಾಲ ಒಣಗಿದ ಚೆಂಡುಹೂವಿನ ಎಸಳು ನಾಕೈದು ಅಂಟಿಕೊಂಡಿದ್ವು. ಕಸಬರಿಗಿ ಹಿಡಕೊಂಡ ಗ್ವಾಡಿಗೆ ಆತು ನಿಂತೆ.

ಗದಗ-ಬೆಟಗೇರ್ಯಾಗ ಸಾಫ್ಟ್‌ವೇರ್ ಬರಿಯೋರ ಬಳಗ ಅಂದ್ರ ನಿಮಗೂ ನಗು ಬರಬಹುದು. ನಮ್ಮ ಮನಿಯಾಕಿನೂ ನಗತಿದ್ಲು. ಹತ್ತ ಮಂದಿ ಒಂದ ಖೋಲ್ಯಾಗ ಕುಂತು ಗ್ವಾಡಿ ನೋಡೂದು ಎಂಥಾ ಸಂಘ ಅಂತ ಆಕಿ ಪ್ರಶ್ನಿ. ಖರೇನ, ಗ್ವಾಡೀನ ನೋಡತಿದ್ವಿ. ಅದರ ಮ್ಯಾಲ ಪ್ರೊಜೆಕ್ಟರಿನ ಬೆಳಕು ಬೀಳತಿತ್ತು, ಆ ಬೆಳಕಿನ್ಯಾಗ ನಮ್ಮೊಳಗ ಒಬ್ಬಾಂವ ಬರದ ಕೋಡ್. ನಾನು ಬಟ್ಟಿ ಅಂಗಡಿ, ಕಿರಾಣಿ ಅಂಗಡಿಗೆ ಬಿಲ್ಲು ಹಾಕೂ ಪ್ರೋಗ್ರಾಂ ಬರದು ಹೊಟ್ಟಿ ಹೊರಕೊಳ್ಳಾಂವ. ಉಳಿದವರೂ ಹಂಗ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ ಕಡಿಂದ ತಿಂಗಳಿಗೊಮ್ಮೆ ರವಿವಾರ ಬಸ್ ಹತ್ತಿ ಬರತಿದ್ರು. ಗಿರ್ಮಿಟ್ಟು, ಮಿರ್ಚಿ ತಿಂದು, ಕೈ ಒರಸಿಕೊಂಡು ಕುಂಡ್ರತಿದ್ವಿ.

ನಮ್ಮದೊಂದು ರಿವಾಜಿತ್ತು. ಯಾರ ಕೆಲಸ ಮುಂದ ಹೋಗವಲ್ದೋ, ಅಂವ ಬಂದ ಕೂಡ್ಲೆ ಈ ಸ್ಟೂಲಿನ ಮ್ಯಾಲ ಕುಂಡ್ರಬೇಕು. ತನ್ನ ಕೋಡ್ ಗ್ವಾಡಿಗೆ ಬಿಡಬೇಕು. ಅವನ ಗಂಟು ಬಿಚ್ಚೂತನಕ ಯಾರ ಭಾಷಣಾನೂ ಸುರು ಆಗೂಹಂಗಿಲ್ಲ. ‘ಸಿಕ್ಕೊಂಡವರು ಮೊದಲು’ ಅಂತ ರಟ್ಟಿನ ಮ್ಯಾಲ ನಾನ ಬರದು ಹಚ್ಚಿದ್ದೆ. ಸಂಘ ಕಟ್ಟಿದಾಂವ, ಹಿರ್ಯಾ ಅಂತ ನನಗ ಬಿಗುಮಾನ ಬ್ಯಾರೆ. ಸ್ಟೂಲಿನ ಮ್ಯಾಲ ನಾನು ಒಮ್ಮೆನೂ ಕುಂತಾಂವಲ್ಲ.

ವೀರೇಶ ಮುಂಡರಗಿ ಕಡೆ ಡೋಣಿ ಅನ್ನೂ ಊರಿನ ಹುಡುಗ. ಹುಡುಗ ಅಂದ್ರೂ ಮೂವತ್ತರ ಮ್ಯಾಲಿನಾಂವ. ಮುಂಡರಗ್ಯಾಗ ಸುಟ್ಟ ಮೋಟರಿಗೆ ತಂತಿ ಸುತ್ತೂ ಅಂಗಡ್ಯಾಗ ಕೆಲಸ, ಕೋಡ್ ಕಲತದ್ದು ಫೋನ್ ನೋಡಿ. ಮಾತ ಕಡಿಮಿ. ಹೊಲದಾಗಿನ ಪಂಪು ಮನ್ಯಾಗ ಕುಂತ ಫೋನಿನಿಂದ ಚಾಲೂ-ಬಂದ್ ಮಾಡೂದೊಂದು ಡಬ್ಬಿ ಮಾಡಿದ್ದ. ನಮ್ಮ ಕಡೆ ತ್ರೀ-ಫೇಸ್ ಕರೆಂಟು ಯಾವಾಗ ಬಂದೀತು, ಯಾವಾಗ ಹೋದೀತು ಹೇಳಾಕ ಬರೂದಿಲ್ಲ. ಅಂಥಾದ್ರಾಗ ಆ ಡಬ್ಬಿ ದೊಡ್ಡ ಅನುಕೂಲ. ಮೊದಲನೇದ್ದನ್ನ ಅವರಣ್ಣ ಶಂಕ್ರಪ್ಪ ತನ್ನ ಬಾವಿ ಮೋಟರಿಗೆ ಹಚ್ಚಿಸಿಕೊಂಡ. ನೋಡಿದ ಮಂದಿ ಕೇಳಿ ಕೇಳಿ ಇನ್ನೂ ಆರು ಹೊಲಕ್ಕ ಹಚ್ಚಿಸಿದ್ರು. ನಾವು ಚಪ್ಪಾಳಿ ಹೊಡದಿದ್ವಿ.

ಆಮ್ಯಾಲ ಆ ರವಿವಾರ. ಹುಬ್ಬಳ್ಳಿಯಿಂದ ಒಬ್ಬರು ಸಾಹೇಬ್ರು ಕೃತಕ ಬುದ್ಧಿಮತ್ತೆ ಬಗ್ಗೆ ಮಾತಾಡಾಕ ಒಪ್ಪಿದ್ರು. ಹೊರಗಿನ ಅತಿಥಿ ಬಂದದ್ದು ನಮ್ಮಲ್ಲಿ ಅದ ಮೊದಲು. ನಮ್ಮ ಕಡೆ ಅತಿಥಿ ಅಂದ್ರ ಗೊತ್ತಲ್ರಿ, ಸ್ವಾಗತ ಗೀತೆ, ಪರಿಚಯ, ಶಾಲು, ಹಾರ, ಹಣ್ಣಿನ ಬುಟ್ಟಿ, ಒಂದೂ ತಪ್ಪೂಹಂಗಿಲ್ಲ. ಹಾರದ ತಾಟು ಇಡಾಕ ಟೇಬಲ್ ಇರಲಿಲ್ಲ. ಸ್ಟೂಲಿನ ಮ್ಯಾಲ ಇಟ್ಟೆ.

ವೀರೇಶ ಲ್ಯಾಪ್‌ಟಾಪ್ ಅವುಚಿಕೊಂಡು ಎಲ್ಲಾರಿಗಿಂತ ಮೊದಲ ಬಂದು ಬಾಗಲದಾಗ ನನ್ನ ಹಿಡದ. "ಸರ್, ಕರೆಂಟ್ ಹೋಗಿ ಬಂತಂದ್ರ ಡಬ್ಬಿ ಮರೀತೈತ್ರಿ. ಫೋನಿನ್ಯಾಗ ಬಂದ್ ಮಾಡಿಟ್ಟಿದ್ರೂ ತಾನ ಮೋಟರ್ ಚಾಲೂ ಮಾಡತೈತಿ. ಹತ್ತ ನಿಮಿಷ ನೋಡ್ರಿ."

ನನಗ ಅಲ್ಲೆ ನಿಂತಲ್ಲೇ ಉತ್ತರ ಗೊತ್ತಿತ್ತು. ಬಂದ್ ಮಾಡಿದ್ದನ್ನ ಕರೆಂಟು ಹೋದ್ರೂ ಅಳಿಸದ ಜಾಗಾದಾಗ ಬರದಿಡಬೇಕು, ಕರೆಂಟು ಬಂದು ಡಬ್ಬಿ ಎದ್ದ ಕೂಡ್ಲೆ ಅದನ್ನ ಓದಬೇಕು. ಬಿಲ್ಲಿನ ಮಷೀನಿಗೆ ನಾನ ಅದನ್ನ ಹತ್ತಾರು ಸಲ ಮಾಡಿದಾಂವ. ಆದರ ಸಾಹೇಬ್ರ ಕಾರು ಬರೂ ಹೊತ್ತಾಗಿತ್ತು. "ಇವತ್ತ ಬ್ಯಾಡೋ ವೀರೇಶ, ಮುಂದಿನ ತಿಂಗಳ ನೋಡೂಣಂತ" ಅಂದೆ. ಅಂವ ಒಮ್ಮೆ ಸ್ಟೂಲಿನ ಮ್ಯಾಲಿನ ಹಾರ ನೋಡಿದ, ಒಮ್ಮೆ ನನ್ನ ನೋಡಿದ. ಹಿಂದ ಹೋಗಿ ಕುಂತ.

ಸತ್ಕಾರಕ್ಕ ತಾಸ ಹಿಡೀತು. ಅದರಾಗ ಪರಿಚಯ ಮಾಡಿಕೊಟ್ಟಾಂವ ನಾನು. ಸಾಹೇಬ್ರದು ಕಡಿಮಿ, ನಂದ ಹೆಚ್ಚ ಹೇಳಿದೆ. ಆಮ್ಯಾಲ ಭಾಷಣ, ಫೋಟೋ, ಖಾನಾವಳ್ಯಾಗ ಊಟ. ಫೋಟೋದಾಗ ವೀರೇಶ ಇಲ್ಲ ಅನ್ನೂದು ಮನಿಗೆ ಬಂದ ಮ್ಯಾಲ ಗೊತ್ತಾತು. ಬಸ್ಸಿಗೆ ಹೋಗಿರಬೇಕು ಅನ್ಕೊಂಡು ಸುಮ್ನಾದೆ.

ಮಂಗಳವಾರ ಮಧ್ಯಾಹ್ನ ಸಂಘದ ಒಬ್ಬಾಂವನ ಫೋನ್ ಬಂತು. ಶಂಕ್ರಪ್ಪ ಫೋನಿನಿಂದ ಮೋಟರ್ ಬಂದ್ ಮಾಡಿ, ಬಾವಿ ದಂಡಿ ಮ್ಯಾಲ ಕುಂತು ಹರದ ಕೇಬಲ್ಲಿಗೆ ಗಂಟು ಹಾಕಾಕ ಹತ್ತಿದ್ದನಂತ. ಆ ನಡಬರಕ ಕರೆಂಟು ಹೋಗಿ ಬಂದೈತಿ. ಡಬ್ಬಿ ಮರತೈತಿ, ಅವನ ಕೈಯಾಗಿದ್ದ ಕೇಬಲ್ಲಿಗೆ ಕರೆಂಟು ಹರದೈತಿ. ಮಂದಿ ಓಡಿ ಬರೂದರಾಗ ಎಲ್ಲಾ ಮುಗದಿತ್ತು.

ಮೂರನೇ ದಿನ ಡೋಣಿಗೆ ಹೋದೆ. ಕಟ್ಟಿ ಮ್ಯಾಲ ಮಂದಿ ಕುಂತಿದ್ರು, ಒಳಗ ಶಂಕ್ರಪ್ಪನ ಹೆಂಡತಿ ಅಳೂ ದನಿ ಕೇಳತಿತ್ತು. ವೀರೇಶ ನನ್ನ ನೋಡಿ ಎದ್ದು ಒಳಗ ಹೋದ. ಬೈಯಾಕ, ಇಲ್ಲಾ ಹೊಡ್ಯಾಕ ಬರತಾನ ಅನ್ಕೊಂಡೆ. ಲ್ಯಾಪ್‌ಟಾಪ್ ತಂದು ನನ್ನ ತೊಡಿ ಮ್ಯಾಲ ಇಟ್ಟ.

"ಸರ್, ಅದನ್ನ ಹೆಂಗ ಬರೀಬೇಕಿತ್ತ್ರಿ?"

ಬರದೆ. ಮೂರ ಸಾಲು. ಯಾರೋ ತಂದಿಟ್ಟ ಚಾ ಇನ್ನೂ ಆರಿರಲಿಲ್ಲ. ಅಂವ ಒಂದೊಂದ ಸಾಲಿಗೂ ಬೆರಳಿಟ್ಟು ಓದಿದ.

"ಇಷ್ಟ ಏನ್ರಿ" ಅಂದ.

ಆಮ್ಯಾಲ ಅಂವ ಮೆಲ್ಲಕ ಹೇಳಿದ್ದನ್ನ ನಾ ಸಾಯೂತನಕ ಮರಿಯಾಂವಲ್ಲ. ಉಳಿದ ಆರು ಮಂದಿಗೆ, ಮೋಟರ್ ಮುಟ್ಟೂಕಿಂತ ಮೊದಲ ಫ್ಯೂಸ್ ಕೀಳ್ರಿ ಅಂತ, ಡಬ್ಬಿ ಮರಿಯೂದು ಗೊತ್ತಾದ ವಾರನ ಮನಿ ಮನಿಗೆ ಹೋಗಿ ಹೇಳಿ ಬಂದಿದ್ದನಂತ. ಅಣ್ಣಗೂ ಹೇಳಿದ್ದ. ಗದಗಿನ ನಮ್ಮ ಸರ್ ಹತ್ತ ನಿಮಿಷದಾಗ ಸರಿ ಮಾಡಿ ಕೊಡತಾರ, ರವಿವಾರದತನಕ ಅಷ್ಟ ತಡಿ ಅಂದಿದ್ದ. ರವಿವಾರ ಸಂಜಿಗೆ ಮನಿಗೆ ಬಂದ್ರ ಶಂಕ್ರಪ್ಪ, "ಆತೇನೋ?" ಅಂತ ಕೇಳ್ಯಾನ.

"ನೀವು ವೇಳೆ ಕೊಡಲಿಲ್ಲ ಅಂತ ಹೇಳಾಕ ನಾಚಿಕಿ ಬಂತ್ರಿ. ನಿಮ್ಮನ್ನ ಭಾಳ ಹೊಗಳಿದ್ದೆ. ನಾನ ಕುಂತು ಸರಿ ಮಾಡಿದ್ರಾತು ಅನ್ಕೊಂಡು, ಆತು ಅಂದ್ಬಿಟ್ಟೆ."

ನನ್ನ ಮರ್ಯಾದಿ ಉಳಸಾಕ ಆಡಿದ ಸುಳ್ಳು ಅದು. ಚಪ್ಪಲಿ ತಗೊಂಡು ಹೊಡದಿದ್ರ ನನಗ ಹಗರಾಗತಿತ್ತು. ಸತ್ತದ್ದು ಅವರಣ್ಣ, ತಪ್ಪು ತನ್ನದು ಅಂತ ಅಂವ ತಿಳಕೊಂಡಾನ. ಅಲ್ಲ ಅಂತ ಹೇಳಾಕ ಆ ಕಟ್ಟಿ ಮ್ಯಾಲ ನನಗ ಬಾಯಿ ಬರಲಿಲ್ಲ. ಚಾ ಕುಡದು ಎದ್ದು ಬಂದೆ. ಇದನ್ನ ನಿಮಗ ಹೇಳಾಕ ಈಗೂ ನಾಚಿಕಿ ಆಗತೈತಿ.

ಆರೂ ಡಬ್ಬಿಗೆ ಆ ಮೂರ ಸಾಲು ಹಾಕಿ ಬಂದು, ವೀರೇಶ ಲ್ಯಾಪ್‌ಟಾಪ್ ಮುಚ್ಚಿದ. ಈಗ ಬರೇ ತಂತಿ ಸುತ್ತತಾನ. ನಮ್ಮ ಸಭಾನೂ ನಿಂತಿತು. ಕಾರಣ ಏನಂತ ಯಾರಿಗೂ ಹೇಳಲಿಲ್ಲ, ಕೆಲಸ ಜಾಸ್ತಿ ಆಗೇತಿ ಅಂದೆ. ಹ್ವಾದ ವಾರ ಹಳೇ ಮಂದಿ ಮತ್ತ ಸುರು ಮಾಡೂಣು ಅಂತ ಗಂಟ ಬಿದ್ರು. ವೀರೇಶಗ ಫೋನ್ ಹಚ್ಚಿದೆ, ಎತ್ತಲಿಲ್ಲ.

ಇವತ್ತ ಹತ್ತು ಗಂಟೆಗೆ ಒಬ್ಬೊಬ್ಬರ ಬಂದ್ರು, ಎಂಟ ಮಂದಿ ಆದ್ರು. ಮಾತಾಡಾಕ ಬಂದ ಶಿರಹಟ್ಟಿಯ ಮೇಡಂಗೆ ಯಾರೋ ಹಾರ ತಂದಿದ್ರು. ಅದನ್ನ ಇಸಕೊಂಡು ಕಿಟಕ್ಯಾಗ ಇಟ್ಟೆ. ಸ್ಟೂಲಿಗೆ ಅಂಟಿದ್ದ ಎಸಳು ಉಗರಿಲೆ ಕೆರದು ತಗದು, ಅದನ್ನ ಎಲ್ಲಾರ ನಡಬರಕ ಎಳದೆ. ಯಾರು ಸಿಕ್ಕೊಂಡೀರಿ ಅಂತ ಕೇಳಿದೆ. ಯಾರೂ ಏಳಲಿಲ್ಲ. ಬಾಗಲದ ಕಡೆ ಒಮ್ಮೆ ನೋಡಿ, ನಾನ ಹೋಗಿ ಅದರ ಮ್ಯಾಲ ಕುಂತೆ.

"ಇದೇನ್ರಿ ಸರ್, ನೀವ?" ಅಂದ್ರು ಮೇಡಂ.

ಹೌದ್ರಿ, ನಾನ ಸಿಕ್ಕೊಂಡು ವರ್ಷದ ಮ್ಯಾಲಾತು ಅಂದು, ವೀರೇಶನ ಹೆಸರು ತಗದು ಆ ರವಿವಾರದಿಂದ ಹೇಳಾಕ ಸುರು ಮಾಡಿದೆ.