ಏವಿಸಳ ಕೋಳಿಗೂಡಿಗೆ ಮೂರು ಸುತ್ತು

ಏವಿಸ್ ಪ್ಯಾನೆಟ್ ತನ್ನ ಜನ್ಮದಲ್ಲಿ ಯಾರಿಗೂ ಬೇಡ ಅಂದವಳಲ್ಲ. ಅವಳ ಬಾಯಲ್ಲಿ ಇದ್ದದ್ದು ಒಂದೇ ಮಾತು, ಪರವಾಗಿಲ್ಲ. ಹಾಲಿನವನು ಒಡೆದ ಹಾಲು ಇಟ್ಟುಹೋದರೂ ಪರವಾಗಿಲ್ಲ, ಪಾದ್ರಿಯ ನಾಯಿ ಅವಳ ಎಲೆಕೋಸಿನ ಪಾತಿಯಲ್ಲಿ ಹೊರಳಾಡಿದರೂ ಪರವಾಗಿಲ್ಲ. ಮದುವೆಯಾದದ್ದೂ ಹಾಗೆಯೇ. ಸುಗ್ಗಿಯ ಕುಣಿತದಲ್ಲಿ ವಿಲ್ಫ್ ಪ್ಯಾನೆಟ್ ಸಗಣಿ ಮೆತ್ತಿದ ಬೂಟಿನಲ್ಲಿ ಅವಳ ಪಾದ ತುಳಿದ. "ಅಯ್ಯೋ, ತಪ್ಪಾಯ್ತು" ಎಂದ. "ಪರವಾಗಿಲ್ಲ" ಎಂದಳು. ವಿಲ್ಫ್ ಅಷ್ಟನ್ನೇ ಒಪ್ಪಿಗೆ ಎಂದುಕೊಂಡು ಭಾನುವಾರ ಅವಳ ಅಪ್ಪನ ಮುಂದೆ ಟೋಪಿ ಹಿಡಿದು ನಿಂತ. ಅದನ್ನು ತಿದ್ದಲು ಹೋದರೆ ಪಾಪ ಅವನಿಗೆ ಮುಜುಗರವಾದೀತು ಎಂದು ಏವಿಸ್ ಮದುವೆಯನ್ನೇ ಆಗಿಬಿಟ್ಟಳು.

ಥಾರ್ನ್‌ಡೀನ್ ಊರಿನವರಿಗೆ ಅವಳ ಪರವಾಗಿಲ್ಲದ ಒಳಮರ್ಮ ಗೊತ್ತಿತ್ತು. ಪಟಕ್ಕನೆ ಅಂದರೆ ನಿಜಕ್ಕೂ ಪರವಾಗಿಲ್ಲ. ಮೊದಲಕ್ಷರ ಎಳೆದು "ಪ...ರವಾಗಿಲ್ಲ" ಎಂದರೆ ತೆಪ್ಪಗೆ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುವುದು ಒಳ್ಳೆಯದು. ಹೊರಗಿನಿಂದ ಬಂದವರಿಗೆ ಮಾತ್ರ ಇದು ತಿಳಿಯುತ್ತಿರಲಿಲ್ಲ. ಎಲ್ಲ ತಾಪತ್ರಯ ಬಂದದ್ದು ಅಲ್ಲಿಂದಲೇ.

ಏವಿಸಳ ಮನೆ ಊರಿನ ಕೊನೆಯದು. ಅತ್ತೆಮ್ಮ ಸಾಯುವಾಗ ಅವಳ ಹೆಸರಿಗೇ ಬರೆದುಕೊಟ್ಟದ್ದು. ಹಿತ್ತಲ ಬೇಲಿ ದಾಟಿದರೆ ಸುಣ್ಣದ ಗುಡ್ಡ, ಗುಡ್ಡದ ಬೆನ್ನ ಮೇಲೆ ಕುದುರೆ ದಾರಿ, ದಾರಿ ಮುಗಿದಲ್ಲಿ ಕಡಿದಾದ ಬಿಳಿ ದರೆ, ದರೆಯ ಕೆಳಗೆ ಕಡಲು. ಮಳೆ ಬಿದ್ದರೆ ಆ ದಾರಿ ಸಾಬೂನು ಸವರಿದ ಹಾಗೆ. ಹಿಂದೆ ಅಲ್ಲಿ ಕುರಿಗಳು ಓಡಾಡುತ್ತಿದ್ದವು, ಆಮೇಲೆ ಕುದುರೆಗಳು ಬಂದವು. ಈಗ ಬರುವವರು ಜಲ್ಲಿ ಸೈಕಲಿನವರು. ಒಳ್ಳೆಯ ಡಾಂಬರು ರಸ್ತೆ ಇದ್ದೂ ಅದನ್ನು ಬಿಟ್ಟು, ಕಲ್ಲುಮುಳ್ಳಿನಲ್ಲೇ ಹೋಗಬೇಕೆಂದು ಕಾರಿನ ಬೆಲೆ ಕೊಟ್ಟು ಸೈಕಲ್ ಕೊಂಡವರು. ಮೈಗೆ ಅಂಟಿದ ಬಟ್ಟೆ, ಮುಖಕ್ಕೆ ಮೆತ್ತಿದ ಸುಣ್ಣ. ಹಿಡಿಕೆಗೆ ಸಿಕ್ಕಿಸಿದ ಪುಟ್ಟ ಯಂತ್ರವೊಂದು ಎಡಕ್ಕೆ ಎಂದರೆ ಎಡಕ್ಕೆ, ಬಲಕ್ಕೆ ಎಂದರೆ ಬಲಕ್ಕೆ. ಕಣ್ಣೆದುರಿಗೆ ಕಡಲು ಹೊಳೆಯುತ್ತಿದ್ದರೂ ಅವರು ನೋಡುವುದು ಆ ಯಂತ್ರದಲ್ಲಿ ಓಡುವ ನೇರಳೆ ಗೆರೆಯನ್ನು.

ಆ ಗೆರೆ ಏವಿಸಳ ಹಿತ್ತಲಿಗೆ ಬಂದದ್ದು ಟ್ರಿಸ್ಟನ್‌ನಿಂದ. ಟ್ರಿಸ್ಟನ್ ಬ್ರೈಟನ್ ಪೇಟೆಯವನು, ಜಲ್ಲಿ ಸೈಕಲ್ ಸಂಘದ ಮುಖಂಡ, ಮೀಸೆಗೆ ಮೇಣ ಹಚ್ಚುವವನು. ಒಂದು ಬೆಳಿಗ್ಗೆ ಕಡಲ ಮಂಜಿನಲ್ಲಿ ಕುದುರೆ ದಾರಿ ತಪ್ಪಿ, ತೆರೆದಿದ್ದ ಗೇಟಿನಿಂದ ನೆಟ್ಟಗೆ ಹಿತ್ತಲಿಗೆ ನುಗ್ಗಿದ. ಅಲ್ಲಿ ಬಿಷಪ್ ಇದ್ದ. ಬಿಷಪ್ ಎಂದರೆ ಏವಿಸಳ ಗಂಡು ಹೆಬ್ಬಾತು. ಕತ್ತು ಚಾಚಿ, ರೆಕ್ಕೆ ಬಿಚ್ಚಿ, ಟ್ರಿಸ್ಟನ್‌ನನ್ನು ಸೈಕಲ್ ಸಮೇತ ಕೋಳಿಗೂಡಿನ ಸುತ್ತ ಮೂರು ಸುತ್ತು ಓಡಿಸಿ ಹಿಂದಿನ ಗೇಟಿನಿಂದ ಆಚೆ ಹಾಕಿತು. ಅಡುಗೆಮನೆಯ ಕಿಟಕಿಯಿಂದ ಏವಿಸ್ ಎಲ್ಲವನ್ನೂ ನೋಡಿದಳು. ಅವನು ಗೇಟಿನಾಚೆಯಿಂದ ಏದುಸಿರು ಬಿಡುತ್ತ "ಕ್ಷಮಿಸಿ, ದಾರಿ ತಪ್ಪಿತು" ಎಂದಾಗ ಅವಳು ಅಂದದ್ದು ಏನು ಎಂದು ಬೇರೆ ಹೇಳಬೇಕಿಲ್ಲ.

ಆದರೆ ಸೈಕಲಿನ ಯಂತ್ರಕ್ಕೆ ಹೆಬ್ಬಾತು ಕಾಣುವುದಿಲ್ಲ. ಅದು ಮೂರು ಸುತ್ತನ್ನೂ ಶ್ರದ್ಧೆಯಿಂದ ಬರೆದುಕೊಂಡಿತು. ಟ್ರಿಸ್ಟನ್ ಆ ದಾರಿಯನ್ನು ಊರೂರಿಗೆ ಹಂಚಿದ. ಮುಂದಿನ ಶನಿವಾರ ಹನ್ನೆರಡು ಜನ ಬಂದು, "ನಮಸ್ಕಾರ!" ಎಂದು ಕೂಗಿ, ಕೋಳಿಗೂಡಿಗೆ ಮೂರು ಪ್ರದಕ್ಷಿಣೆ ಹಾಕಿ, ಗಂಭೀರವಾಗಿ ಹೊರಟುಹೋದರು. ಯಾಕೆ ಸುತ್ತಬೇಕು ಎಂದು ಒಬ್ಬನೂ ಕೇಳಲಿಲ್ಲ. ಯಂತ್ರ ಹೇಳಿತ್ತು, ಸುತ್ತಿದರು. ಬೇಸಿಗೆ ಬರುವ ಹೊತ್ತಿಗೆ ಯಾರು ಬೇಗ ಸುತ್ತುತ್ತಾರೆ ಎಂಬ ಪಂದ್ಯವೂ ಶುರುವಾಯಿತು. ಗೆದ್ದವನಿಗೆ ಯಂತ್ರದಲ್ಲೇ ಒಂದು ಕಿರೀಟವಂತೆ. ಬಿಷಪ್ ಮೊದಮೊದಲು ಅಟ್ಟಿಸಿಕೊಂಡು ಹೋಯಿತು. ಆಮೇಲೆ ಅದಕ್ಕೂ ಸಾಕಾಗಿ ನೀರಿನ ತೊಟ್ಟಿಯ ಹಿಂದೆ ಕೂತುಬಿಟ್ಟಿತು.

ಕೋಳಿಗಳು ಮೊಟ್ಟೆ ಇಡುವುದನ್ನು ನಿಲ್ಲಿಸಿದವು. ಏವಿಸಳಿಗೆ ಮೊಟ್ಟೆಗಿಂತ ಹೆಚ್ಚಾಗಿ ಉರಿದದ್ದು ಬೇರೆಯೇ. ಬೆಳಿಗ್ಗೆ ಕಾಳು ಚೆಲ್ಲಿ, ಮಗುಚಿದ ಬಕೆಟಿನ ಮೇಲೆ ಕೂತು, ಕೋಳಿಗಳ ಗೊಣಗಾಟ ಕೇಳುತ್ತ ಒಂದು ಕಪ್ ಚಹಾ ಕುಡಿಯುವುದು ಅವಳ ಪದ್ಧತಿ. ದಿನದಲ್ಲಿ ಯಾರಿಗೂ ಪರವಾಗಿಲ್ಲ ಅನ್ನದೆ ಕೂರುವ ಹೊತ್ತು ಅದೊಂದೇ. ಈಗ ಕಪ್ಪಿಗೆ ಸುಣ್ಣದ ನೀರು ಸಿಡಿಯುತ್ತಿತ್ತು.

ವಿಲ್ಫ್‌ಗೆ ಮಾತ್ರ ಹಬ್ಬ. ಟ್ರ್ಯಾಕ್ಟರ್ ಓಡಿಸುವುದನ್ನು ಬಿಟ್ಟು ಮನೆಯಲ್ಲಿ ಕೂತ ಮೇಲೆ ಅವನಿಗೆ ಮೊದಲ ಬಾರಿ ಒಂದು ಕೆಲಸ ಸಿಕ್ಕಿತ್ತು. ಅಲಾರಂ ಗಡಿಯಾರ ಹಿಡಿದು ಕಿಟಕಿಯಲ್ಲಿ ಕೂರುತ್ತಿದ್ದ.

"ನೋಡೇ ನೋಡೇ, ಆ ಹಳದಿ ಅಂಗಿಯವನು! ಸೊಟ್ಟ ಕಾಲು, ಆದ್ರೂ ಏನ್ ತುಳೀತಾನೆ!"

"ನನ್ನ ಕೋಳಿ ಸಾಯ್ತಾವೆ, ವಿಲ್ಫ್."

"ಕೋಳಿಗೂ ಒಂದಿಷ್ಟು ಮನರಂಜನೆ ಬೇಡ್ವಾ? ಇನ್ನೊಂದು ಕಪ್ ಚಾ ಮಾಡೇ, ಪರವಾಗಿಲ್ಲ ತಾನೆ?"

"ಪ...ರವಾಗಿಲ್ಲ" ಎಂದಳು ಏವಿಸ್. ಇಷ್ಟು ವರ್ಷ ಸಂಸಾರ ಮಾಡಿಯೂ ವಿಲ್ಫ್‌ಗೆ ಆ ಎಳೆತ ಕೇಳಿಸುತ್ತಿರಲಿಲ್ಲ.

ಗೇಟು ಹಾಕಿದರೆ ಪಾಪ ಅವರಿಗೆ ಬೇಜಾರಾದೀತು ಎಂದು ಕೊನೆಗೆ ಅವಳು ಒಂದು ಹಲಗೆ ಬರೆದು ಗೇಟಿಗೆ ಕಟ್ಟಿದಳು. "ನಿಮಗೆ ಬೇಸರವಾಗದಿದ್ದರೆ, ಕೋಳಿಗಳು ಇವೆ ಎಂಬುದನ್ನು ತಾವು ದಯಮಾಡಿ ಗಮನಿಸಿದರೆ ತುಂಬಾ ಉಪಕಾರ." ಸೈಕಲಿನವರು ಗಮನಿಸಿದರು. ಹಲಗೆಯ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು, ಕೋಳಿಗಳದ್ದೂ ತೆಗೆದರು. ಮರುವಾರ ಇಮ್ಮಡಿ ಜನ.

ಹೀಗಿರುವಾಗ ಒಂದು ದಿನ ಮ್ಯೂರಿಯಲ್ ಟಪ್ಪನ್ ಬಂದಳು. ಮ್ಯೂರಿಯಲ್ ಊರ ಪಂಚಾಯ್ತಿಯ ಅಧ್ಯಕ್ಷೆ. ಗುಡ್ಡದ ಬುಡದಲ್ಲಿ ಚಹಾದಂಗಡಿ ಇಟ್ಟವಳೂ ಅವಳೇ. ಈ ಎರಡಕ್ಕೂ ಏನೇನೂ ಸಂಬಂಧವಿಲ್ಲ ಎಂದು ಅವಳು ಆಗಾಗ ತಾನಾಗಿಯೇ ಹೇಳುತ್ತಿದ್ದಳು.

"ಏವಿಸ್, ನಿನ್ನ ಹಿತ್ತಲು ಫೇಮಸ್ ಆಗೋಯ್ತು ಕಣೆ! ಅದನ್ನ ಸಾರ್ವಜನಿಕ ದಾರಿ ಅಂತ ನಕಾಶೆಗೆ ಸೇರಿಸಿಬಿಡೋಣ ಅಂತ. ಗುರುವಾರ ಸಭೆ. ಜಾಗ ನಿಂದು, ನೀನು ಹೂಂ ಅಂದ್ರೆ ಸಾಕು."

"ಸೇರಿಸಿದ ಮೇಲೆ ಗೇಟು?"

"ಗೇಟು ಇನ್ನೆಂಥದ್ದು, ತೆಗೆಸಿಬಿಡೋದು. ಒಂದ್ಸಲ ನಕಾಶೆಗೆ ಹೋಯ್ತು ಅಂದ್ರೆ ನಿನ್ನ ಮೊಮ್ಮಕ್ಕಳ ಕಾಲಕ್ಕೂ ಮುಚ್ಚೋ ಹಾಗಿಲ್ಲ. ಕೋಳೀನ ಎಲ್ಲಾದ್ರೂ ಮೂಲೆಗೆ ಹಾಕ್ಕೋ. ಸಭೆಗೆ ನಿನ್ನ ಸ್ಪಂಜ್ ಕೇಕು ತರ್ತೀಯಲ್ವಾ?"

ಏವಿಸ್ ಆ ವಾರವೆಲ್ಲ ಕೋಳಿಗಳ ಮುಂದೆ ಅಭ್ಯಾಸ ಮಾಡಿದಳು. "ಬೇಡ" ಎಂದಳು ಕಂದು ಕೋಳಿಗೆ. ಅದು ಮುಂದೆ ಬಂದು ಕಾಳು ಕೇಳಿತು, ಹಾಕಿದಳು. "ಆಗೋದಿಲ್ಲ" ಎಂದಳು ಬಿಷಪ್‌ಗೆ. ಅದು ಅವಳ ಸ್ಕರ್ಟು ಕಚ್ಚಿ ಎಳೆಯಿತು. "ಪರವಾಗಿಲ್ಲ ಬಿಡಪ್ಪ" ಎಂದಳು.

ಗುರುವಾರ ಸಭಾಭವನ ತುಂಬಿತ್ತು. ಮುಂದಿನ ಸಾಲಿನಲ್ಲಿ ಏವಿಸ್, ಮಡಿಲಲ್ಲಿ ಕೇಕು. ಕೋಳಿಗಳ ಪುಣ್ಯದಿಂದ ಅದರ ಮೊಟ್ಟೆಯನ್ನೂ ಅಂಗಡಿಯಿಂದ ತರಬೇಕಾಗಿತ್ತು. ಪಕ್ಕದಲ್ಲಿ ವಿಲ್ಫ್, ಟೈ ಕಟ್ಟಿಕೊಂಡು. ಟ್ರಿಸ್ಟನ್ ಎದ್ದು ನಿಂತ.

"ಈ ಮೂರು ಸುತ್ತು ಇದ್ಯಲ್ಲ, ಇದು ನಮ್ಮ ದಾರಿಯ ಆತ್ಮ. ನಾನು ತುಂಬಾ ಯೋಚ್ನೆ ಮಾಡಿ ಇಟ್ಟ ತಿರುವುಗಳು. ಕಡಲು, ಸುಣ್ಣ, ಕೋಳಿ. ಮನುಷ್ಯ ತನ್ನ ಸುತ್ತ ತಾನೇ ಸುತ್ತೋ ಹಾಗೆ..."

ಸಂಘದವರು ಚಪ್ಪಾಳೆ ತಟ್ಟಿದರು. ಒಬ್ಬಳು ಕಣ್ಣು ಒರೆಸಿಕೊಂಡಳು. ಏವಿಸಳ ಕಣ್ಣ ಮುಂದೆ ಟ್ರಿಸ್ಟನ್ ಬಿಷಪ್‌ಗೆ ಹೆದರಿ "ಅಮ್ಮಾ!" ಎಂದು ಚೀರುತ್ತ ಓಡಿದ ಚಿತ್ರವಿತ್ತು. ಆದರೆ ಹತ್ತು ಜನರ ಮುಂದೆ ಒಬ್ಬ ಗಂಡಸಿನ ಮರ್ಯಾದೆ ತೆಗೆಯುವುದು ಹೇಗೆ?

ಮ್ಯೂರಿಯಲ್ ಕನ್ನಡಕ ಸರಿಮಾಡಿಕೊಂಡಳು. "ಹಾಗಾದ್ರೆ ಏವಿಸ್, ಗೇಟು ತೆಗೆಸ್ತೀವಿ. ಪರವಾಗಿಲ್ಲ ಅಲ್ವಾ?"

ಊರಿಗೆ ಊರೇ ಕುರ್ಚಿಯಿಂದ ಏಳಲು ಹೊರಟಿತ್ತು, ಉತ್ತರ ಎಲ್ಲರಿಗೂ ಗೊತ್ತಿದ್ದದ್ದೇ. ಪಾದ್ರಿ ಆಗಲೇ ಕೇಕಿನ ಕಡೆ ವಾಲಿದ್ದ. ಏವಿಸ್ ಬೇಡ ಎಂಬ ಮಾತನ್ನು ಹುಡುಕಿದಳು, ಸಿಗಲಿಲ್ಲ. ಆಗೋದಿಲ್ಲ ಎಂಬುದನ್ನು ಹುಡುಕಿದಳು, ಅದೂ ಇಲ್ಲ. ನಾಲಿಗೆಯ ಮೇಲೆ ಇದ್ದದ್ದು ಅದೇ ಹಳೆಯ ಪರವಾ. ಬರುವುದು ಬಂತು, ಬಾಲ ಮಾತ್ರ ಬೇರೆಯಾಗಿತ್ತು.

"ಪರವಾ ಇದೆ" ಎಂದಳು ಏವಿಸ್.

ಅಂಥದ್ದೊಂದು ಮಾತು ಇದೆಯೆಂದೇ ಥಾರ್ನ್‌ಡೀನಿನಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಏನಂದ್ಲು?" ಎಂದ ವಿಲ್ಫ್ ಜೋರಾಗಿ.

"ಪರವಾ ಇದೆ ಅಂದೆ" ಎಂದಳು ಏವಿಸ್, ಈಗ ಸ್ವಲ್ಪ ರುಚಿ ಹತ್ತಿದವಳಂತೆ. "ಗೇಟು ನಂದು, ಮುಚ್ತೀನಿ. ಮತ್ತೆ ಆ ಮೂರು ಸುತ್ತು ಯೋಚ್ನೆ ಮಾಡಿ ಇಟ್ಟಿದ್ದು ಈ ಹುಡುಗ ಅಲ್ಲ. ನಮ್ಮ ಬಿಷಪ್ಪು."

ಯಾವ ಬಿಷಪ್ ಎಂದು ಪಾದ್ರಿ ಗಾಬರಿಯಿಂದ ಎದ್ದು ನಿಂತ. ಊರಿನವರಿಗೆ ಗೊತ್ತಿತ್ತು. ಹಿಂದಿನ ಸಾಲಿನಲ್ಲಿ ಯಾರೋ ಹೆಬ್ಬಾತಿನ ಹಾಗೆ ಒಮ್ಮೆ ಕೂಗಿದರು, ಅಷ್ಟೇ ಸಾಕಾಯಿತು. ಟ್ರಿಸ್ಟನ್‌ನ ಮೀಸೆಯ ಮೇಣ ಕರಗಿದ್ದನ್ನು ಎಲ್ಲರೂ ನೋಡಿದರು.

ಗೇಟು ಮುಚ್ಚಿತು. ಕೋಳಿಗಳು ಎರಡು ವಾರ ಮುನಿಸು ತೋರಿಸಿ ಮತ್ತೆ ಮೊಟ್ಟೆ ಇಟ್ಟವು. ಸೈಕಲಿನವರು ಬರುವುದನ್ನು ಬಿಡಲಿಲ್ಲ, ಗೆರೆ ಗೆರೆಯೇ. ಮುಚ್ಚಿದ ಗೇಟಿನ ಮುಂದೆ ಬಂದು, ಯಂತ್ರ ನೋಡಿ, ತಲೆ ಕೆರೆದುಕೊಂಡು, ಗೇಟಿನ ಹೊರಗಿನ ಕಿರಿದಾದ ಓಣಿಯಲ್ಲೇ ಮೂರು ಸುತ್ತು ಸುತ್ತಿ ಹೋಗುತ್ತಿದ್ದರು. ಒಬ್ಬರ ಬಾಲ ಇನ್ನೊಬ್ಬರು ಹಿಡಿದಂತೆ ಸುತ್ತುವಾಗ ಎರಡು ಸಲ ಬಿದ್ದದ್ದೂ ಉಂಟು. ವಿಲ್ಫ್ ತನ್ನ ಕುರ್ಚಿಯನ್ನು ಓಣಿಯ ಕಡೆಯ ಕಿಟಕಿಗೆ ಎಳೆದುಕೊಂಡ.

ಸಭೆಯ ಮರುದಿನ ಬೆಳಿಗ್ಗೆ ಏವಿಸ್ ಬಕೆಟಿನ ಮೇಲೆ ಕೂತು ಚಹಾ ಕುಡಿಯುತ್ತಿದ್ದಾಗ ಒಳಗಿನಿಂದ ಅವನ ದನಿ ಬಂತು.

"ಏವಿಸ್, ನಂಗೂ ಒಂದು ಕಪ್ಪು. ಪರವಾಗಿಲ್ಲ ತಾನೆ?"

ಅವಳು ಚಹಾದ ಒಂದು ಗುಟುಕು ಹೀರಿದಳು. ಕಂದು ಕೋಳಿ ಅವಳ ಮುಖ ನೋಡಿತು.

"ಪರವಾ ಇದೆ!" ಎಂದಳು.

ಒಳಗೆ ಕಪಾಟುಗಳು ಒಂದೊಂದಾಗಿ ತೆರೆದು ಮುಚ್ಚುವ ಸದ್ದು.

"ಏವಿಸ್... ನಮ್ಮನೇಲಿ ಚಾ ಪುಡಿ ಎಲ್ಲಿಡ್ತೀವಿ?"

"ನಾನು ಇಡೋ ಜಾಗದಲ್ಲೇ" ಎಂದು ಏವಿಸ್ ಇನ್ನೊಂದು ಹಿಡಿ ಕಾಳು ಚೆಲ್ಲಿದಳು.