ಬೆಟ್ಟದ ಮೇಲೆ ಕಟ್ಟಿದ ಮನೆ

ಸ್ವಲ್ಪ ಹತ್ತಿರ ಬನ್ನಿ. ಇದು ನಮ್ಮಲ್ಲೇ ಇರಲಿ, ನನ್ನ ಸೊಸೆಯ ಕಿವಿಗಂತೂ ಬೀಳಲೇಬಾರದು.

ಹೊರರಾಜ್ಯದ ಈ ಮಕರಪುರದಲ್ಲಿ ನಮ್ಮ ಎದುರುಮನೆಯ ಸುಮಿತ್ರ ಬಾಡಿಗೆಯವಳು. ಸ್ವಂತ ಮನೆಗಾಗಿ ಅವಳು ಹರಕೆ ಹೊರದ ದೇವರಿಲ್ಲ. ಮೊನ್ನೆ ಇಬ್ಬರೂ ಬೆಟ್ಟಕ್ಕೆ ಹೋಗಿದ್ದೆವು. ಅಲ್ಲಿ ಕಲ್ಲಿನ ಮೇಲೆ ಕಲ್ಲು ಜೋಡಿಸಿ ಬಂದರೆ ಮನೆಯಾಗುತ್ತದಂತೆ. ಈ ಮಹಾತಾಯಿ ಹಳೇ ಕೋಟೆಗೋಡೆಯ ಕಲ್ಲನ್ನೇ ಕಿತ್ತು ಮೂರಂತಸ್ತು ಎಬ್ಬಿಸಿದಳು! ನನ್ನ ಬಾಯಿ ಸುಮ್ಮನಿರುತ್ತದೆಯೇ? ಅರಣ್ಯದ ಕಾವಲುಗಾರನನ್ನು ಕರೆದು ತೋರಿಸಿಬಿಟ್ಟೆ.

“ಬೆಹನ್‌ಜೀ, ಇದು ರಾಜರ ಕಾಲದ ಗೋಡೆ. ಸಂದಿಯಲ್ಲಿ ಹಲ್ಲಿ, ಓತಿಕ್ಯಾತ ಸಂಸಾರ ಮಾಡಿಕೊಂಡಿವೆ. ನಿಮ್ಮ ಮನೆಗಾಗಿ ಅವುಗಳ ಮನೆ ಕೀಳ್ತೀರಾ?” ಎಂದು ಅವನು ಹಿಂದಿಯಲ್ಲಿ ಕೇಳಿ, ಒಂದೊಂದು ಕಲ್ಲನ್ನೂ ಅವಳ ಕೈಯಿಂದಲೇ ವಾಪಸು ಇಡಿಸಿದ. ಅವಳ ಕಣ್ಣು ತುಂಬಿತ್ತು. ನಾನು ಮಂಡಕ್ಕಿ ತಿನ್ನುತ್ತಾ ನೋಡುತ್ತಿದ್ದೆ.

ಕೊನೆಯ ಕಲ್ಲಿಟ್ಟು, ಕೈಧೂಳು ಕೊಡವಿಕೊಂಡು ನೆಟ್ಟಗೆ ನನ್ನೆದುರು ಬಂದು ನಿಂತಳು.

“ಅಜ್ಜಿ, ಆ ಪೊದೆ ಹಿಂದೆ ಇನ್ನೊಂದು ಮನೆ ಇದೆ ನೋಡಿ. ಬೇರೆ ಮನೆ ಆಗ್ಲಪ್ಪಾ ಅಂತ ಹೋದ ತಿಂಗಳು ನಿಮ್ಮ ಸೊಸೆ ಕಟ್ಟಿ ಹೋಗಿದ್ದು. ಕರೀರಿ ಅವನನ್ನ, ಅದನ್ನೂ ಕೆಡವಿಸೋಣ.”